ಶುಗರ್ ಇರುವವರಿಗೂ ಮನೆಮಂದಿಗೂ ಒಂದೇ ಅಡುಗೆ: ಮಾಡುವುದು ಹೇಗೆ?

ಮನೆಯಲ್ಲಿ ಒಬ್ಬರಿಗೆ ಶುಗರ್ ಬಂತು ಅಂದ ಕೂಡಲೇ ಒಲೆ ಮೇಲೆ ಎರಡು ಅಡುಗೆ ಶುರುವಾಗುತ್ತದೆ. ಎಲ್ಲರಿಗೂ ಅನ್ನ, ಹುಳಿ, ಆಲೂಗಡ್ಡೆ ಪಲ್ಯ. ಅವರಿಗೆ ಮಾತ್ರ ಓಟ್ಸ್ ಗಂಜಿ, ಇಲ್ಲವೇ ಉಪ್ಪು ಖಾರ ಕಾಣದ ಬೇಯಿಸಿದ ತರಕಾರಿ. ಹದಿನೈದು ದಿನ ಹೇಗೋ ನಡೆಯುತ್ತದೆ. ಆಮೇಲೆ ಮಾಡುವವರಿಗೆ ಸಾಕಾಗುತ್ತದೆ, ತಿನ್ನುವವರಿಗೆ ಬೇಜಾರಾಗುತ್ತದೆ. ಎಲ್ಲರೂ ಬಿಸಿಬಿಸಿ ಸಾರನ್ನ ತಿನ್ನುವಾಗ ತಾವೊಬ್ಬರೇ ಗಂಜಿ ಮುಂದೆ ಕೂರುವುದು ಯಾರಿಗೆ ತಾನೇ ಇಷ್ಟ? ಒಂದು ದಿನ ಗಂಜಿ ಪಾತ್ರೆ ಮೂಲೆ ಸೇರುತ್ತದೆ, ಊಟ ಮತ್ತೆ ಹಳೇ ದಾರಿಗೆ ಬರುತ್ತದೆ.

ಅದಕ್ಕೇ ನಾನು ಹೇಳುವುದು ಇಷ್ಟು. ಅಡುಗೆ ಒಂದೇ ಇರಲಿ, ಬಡಿಸುವ ಅಳತೆ ಬೇರೆ ಇರಲಿ. ನಮ್ಮ ಅಡುಗೆಯಲ್ಲಿ ಸೊಪ್ಪು, ಕಾಳು, ಪಲ್ಯ, ಕೋಸಂಬರಿ, ಮಜ್ಜಿಗೆ ಎಲ್ಲ ಇವೆ. ಹೊಸದಾಗಿ ಏನನ್ನೂ ತರಬೇಕಾಗಿಲ್ಲ. ತಟ್ಟೆಯಲ್ಲಿ ಯಾವುದು ಜಾಸ್ತಿ, ಯಾವುದು ಕಡಿಮೆ ಅನ್ನುವುದನ್ನು ಬದಲಿಸಿದರೆ ಮುಕ್ಕಾಲು ಕೆಲಸ ಮುಗಿಯಿತು.

ಇದು ಒಂದೆರಡು ಮನೆಗಳ ಮಾತಲ್ಲ. 2023ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶಮಟ್ಟದ ಶುಗರ್ ಸಮೀಕ್ಷೆ) ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಶುಗರ್ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಇದ್ದಾರೆ. ಅಂದರೆ ಶುಗರ್ ಇರುವವರ ಜೊತೆ ಊಟಕ್ಕೆ ಕೂರುವ ಮಿಕ್ಕವರಿಗೂ ಇದೇ ಅಡುಗೆ ಒಳ್ಳೆಯದು.

ಮೊದಲು ಡಾಕ್ಟರ ಹತ್ತಿರ ಎರಡು ಮಾತು

ಊಟ ಬದಲಿಸುವ ಮೊದಲು ಇದನ್ನು ಮಾಡಲೇಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಅಥವಾ ಗ್ಲಿಮಿಪಿರೈಡ್ ತರಹದ ಮಾತ್ರೆ ನುಂಗುವವರು ಅನ್ನ, ಮುದ್ದೆಯನ್ನು ಒಮ್ಮೆಲೇ ಅರ್ಧಕ್ಕೆ ಇಳಿಸಿದರೆ ಶುಗರ್ ಧಡಕ್ಕನೆ ಕೆಳಗಿಳಿಯಬಹುದು. ಊಟ ಕಡಿಮೆ ಆದಂತೆ ಔಷಧಿಯ ಅಳತೆಯೂ ಬದಲಾಗಬೇಕಾಗುತ್ತದೆ. ಅದನ್ನು ಡಾಕ್ಟರೇ ಹೇಳಬೇಕು.

ಕೈ ನಡುಗುವುದು, ತಣ್ಣಗೆ ಬೆವರುವುದು, ಎದೆ ಹೊಡೆದುಕೊಳ್ಳುವುದು, ವಿಪರೀತ ಹಸಿವು, ಮಾತು ತೊದಲುವುದು ಕಂಡರೆ ತಕ್ಷಣ ಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ, ಮಕ್ಕಳಿಗೂ.

ಕಿಡ್ನಿ ತೊಂದರೆ ಇರುವವರು, ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ಅಂಶ) ಜಾಸ್ತಿ ಬಂದಿರುವವರು, ಬಸುರಿಯರು ಕಾಳು ಮತ್ತು ಸೊಪ್ಪಿನ ಅಳತೆಯನ್ನೂ ಕೇಳಿಕೊಳ್ಳಬೇಕು. ಕೆಳಗೆ ಬರೆದಿರುವುದು ಅವರಿಗೆ ಹಾಗೇ ಹೊಂದುವುದಿಲ್ಲ.

ತಟ್ಟೆಯನ್ನು ಕಣ್ಣಲ್ಲೇ ಅಳೆಯಿರಿ

ತಟ್ಟೆಯ ಅರ್ಧ ಭಾಗ ಪಲ್ಯ, ಸೊಪ್ಪು, ಕೋಸಂಬರಿ. ಕಾಲು ಭಾಗ ಬೇಳೆ, ಕಾಳು, ಮೊಟ್ಟೆ, ಮೀನು, ಕೋಳಿ. ಉಳಿದ ಕಾಲು ಭಾಗ ಮಾತ್ರ ಅನ್ನ, ಮುದ್ದೆ, ರೊಟ್ಟಿ ಅಥವಾ ಚಪಾತಿ. ಆಲೂಗಡ್ಡೆ, ಗೆಣಸು, ಸುವರ್ಣಗೆಡ್ಡೆಯನ್ನು ತರಕಾರಿ ಲೆಕ್ಕಕ್ಕೆ ಸೇರಿಸಬೇಡಿ. ಅವು ಅನ್ನದ ಲೆಕ್ಕ.

ನಾವು ಸಾಮಾನ್ಯವಾಗಿ ಹೇಗೆ ಉಣ್ಣುತ್ತೇವೆ ನೋಡಿ. ಹಳೇ ಮೈಸೂರು ಕಡೆಯ ಮನೆಯಲ್ಲಿ ಮೊದಲು ಮುದ್ದೆ. ಮುದ್ದೆ ಆದ ಮೇಲೆ ಸಾರನ್ನ. ಕೊನೆಗೆ ಮಜ್ಜಿಗೆ ಅನ್ನ ಇಲ್ಲದಿದ್ದರೆ ಊಟ ಮುಗಿದ ಹಾಗೇ ಅಲ್ಲ. ಅಂದರೆ ಒಂದೇ ಊಟದಲ್ಲಿ ಮೂರು ಸಲ ಧಾನ್ಯ. ಪಲ್ಯ ಮಾತ್ರ ತಟ್ಟೆ ಅಂಚಿನಲ್ಲಿ ಒಂದು ಚಮಚ. ತೊಂದರೆ ಇರುವುದು ಇಲ್ಲಿ.

ಸರಿಮಾಡುವುದು ಕಷ್ಟವಲ್ಲ. ಮುದ್ದೆ ಉಂಡ ದಿನ ಅನ್ನ ಬೇಡ. ಅನ್ನ ಉಂಡ ದಿನ ಮುದ್ದೆ ಬೇಡ. ಮಜ್ಜಿಗೆಯನ್ನು ಅನ್ನಕ್ಕೆ ಸುರಿಯುವ ಬದಲು ಲೋಟಕ್ಕೆ ಹಾಕಿ. ಇಂಗು, ಶುಂಠಿ, ಕರಿಬೇವು, ಕೊತ್ತಂಬರಿ ಸೊಪ್ಪು ಹಾಕಿದ ನೀರು ಮಜ್ಜಿಗೆ ಒಂದು ಲೋಟ ಕುಡಿದರೆ ಊಟ ಮುಗಿದ ತೃಪ್ತಿ ಬರುತ್ತದೆ. ಇದೊಂದೇ ಬದಲಾವಣೆಯಲ್ಲಿ ಎರಡು ಸೌಟು ಅನ್ನ ಕಡಿಮೆಯಾಗುತ್ತದೆ.

ಬಡಿಸುವುದಕ್ಕೆ ಅಂತಲೇ ಒಂದು ಸಣ್ಣ ಬಟ್ಟಲು ತೆಗೆದಿಡಿ. ಸುಮಾರು 150 ಮಿಲಿ ನೀರು ಹಿಡಿಯುವಂಥದ್ದು. ಅದರ ತುಂಬ ಅನ್ನ ಅಂದರೆ ಸುಮಾರು 30 ಗ್ರಾಂ ಪಿಷ್ಟ, ಅಂದರೆ ಹೊಟ್ಟೆಗೆ ಹೋಗಿ ಸಕ್ಕರೆಯಾಗುವ ಅಂಶ. ಒಂದು ಸಣ್ಣ ಚಪಾತಿಯಲ್ಲಿ 20 ಗ್ರಾಂ ಆಸುಪಾಸು. ಒಂದು ಹೊತ್ತಿಗೆ ಎಷ್ಟು ಬಟ್ಟಲು ಅಂತ ಡಾಕ್ಟರನ್ನೋ ಆಹಾರ ತಜ್ಞರನ್ನೋ ಒಮ್ಮೆ ಕೇಳಿಕೊಂಡರೆ, ಆಮೇಲೆ ದಿನಾ ಲೆಕ್ಕ ಹಾಕುತ್ತ ಕೂರಬೇಕಿಲ್ಲ.

ಇನ್ನೊಂದು ವಿಷಯ, ಉಣ್ಣುವ ಕ್ರಮ. ಮದುವೆ ಮನೆಯ ಎಲೆಯಲ್ಲಿ ಕೋಸಂಬರಿ, ಪಲ್ಯ ಮೊದಲು ಬರುತ್ತವೆ, ಅನ್ನ ಆಮೇಲೆ. ಮನೆಯಲ್ಲೂ ಹಾಗೇ ಮಾಡಿ, ಮತ್ತು ಅನ್ನ ಬರುವ ಮೊದಲೇ ಅವನ್ನು ತಿಂದುಬಿಡಿ. ನಾರು ಮತ್ತು ಕಾಳು ಮೊದಲು ಹೊಟ್ಟೆ ಸೇರಿದರೆ ಆಮೇಲೆ ತಿಂದ ಅನ್ನದ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಇನ್ನೂ ಒಳ್ಳೆಯದು.

ರಾಗಿ, ಸಿರಿಧಾನ್ಯದ ಬಗ್ಗೆ ಒಂದು ನೇರ ಮಾತು

'ಶುಗರ್ ಇದೆಯಾ? ರಾಗಿ ಮುದ್ದೆ ತಿನ್ನಿ, ಎಷ್ಟು ಬೇಕಾದರೂ ತಿನ್ನಿ' ಅನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ರಾಗಿ ಒಳ್ಳೆಯ ಧಾನ್ಯ, ಅದರಲ್ಲಿ ಎರಡು ಮಾತಿಲ್ಲ. 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಸುಣ್ಣದ ಅಂಶವೂ ಅಕ್ಕಿಗಿಂತ ಎಷ್ಟೋ ಪಾಲು ಜಾಸ್ತಿ. ಆದರೆ ಪಿಷ್ಟ? ಅಕ್ಕಿಯಲ್ಲಿ ಸುಮಾರು 78 ಗ್ರಾಂ, ರಾಗಿಯಲ್ಲಿ ಸುಮಾರು 67 ಗ್ರಾಂ. ಜೋಳವೂ ಹೆಚ್ಚೂಕಡಿಮೆ ಅಷ್ಟೇ.

ಒಂದು ಮುಷ್ಟಿ ಗಾತ್ರದ ಮುದ್ದೆಗೆ 75 ಗ್ರಾಂ ಹಿಟ್ಟು ಹಿಡಿಯಿತು ಅಂದುಕೊಳ್ಳಿ. ಅದರಲ್ಲೇ 50 ಗ್ರಾಂ ಪಿಷ್ಟ ಆಯಿತು. ಅದರ ದುಪ್ಪಟ್ಟು ಮುದ್ದೆ ನುಂಗಿ, ಮೇಲೆ ಅನ್ನವನ್ನೂ ಉಂಡರೆ ಯಾವ ರಾಗಿಯೂ ಶುಗರ್ ಕಾಪಾಡುವುದಿಲ್ಲ. ಮುದ್ದೆಗೆ ಅಕ್ಕಿನುಚ್ಚು ಹಾಕುವ ರೂಢಿ ಇದ್ದರೆ ಅದನ್ನು ಬಿಡಿ.

2025ರಲ್ಲಿ ಇದೇ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಊಟದ ಕುರಿತ ವರದಿ ಬಂತು. ನಮ್ಮ ಜನ ತಿನ್ನುವ ಕ್ಯಾಲೊರಿಯಲ್ಲಿ ಸುಮಾರು ಶೇ. 62 ಬರೀ ಪಿಷ್ಟದಿಂದಲೇ ಬರುತ್ತದೆ ಅನ್ನುತ್ತದೆ ಅದು. ಬಿಳಿ ಅಕ್ಕಿ ಬಿಟ್ಟು ಗೋಧಿಗೋ ಸಿರಿಧಾನ್ಯಕ್ಕೋ ಹೋದರೂ, ಒಟ್ಟು ಅಳತೆ ಇಳಿಸದಿದ್ದರೆ ಪ್ರಯೋಜನ ಕಾಣಲಿಲ್ಲ ಅಂತಲೂ ಹೇಳಿದೆ. ನವಣೆ, ಸಾಮೆ, ಆರಕ ತರಲು ದುಡ್ಡು ಸುರಿಯುವ ಮೊದಲು ಇದನ್ನು ನೆನಪಿಡಿ. ಧಾನ್ಯ ಯಾವುದಾದರೂ ಇರಲಿ, ಮೊದಲು ಕಡಿಮೆ ಆಗಬೇಕಾದ್ದು ಅದರ ಅಳತೆ. ಆ ಜಾಗಕ್ಕೆ ಬೇಳೆ, ಕಾಳು, ಮೊಸರು, ಸೊಪ್ಪು ಬರಬೇಕು.

ಒಂದು ಅಡುಗೆ ಪೂರ್ತಿಯಾಗಿ: ಬಸ್ಸಾರು

ಶುಗರ್ ಇರುವ ಮನೆಗೆ ಯಾವುದಾದರೂ ಒಂದೇ ಅಡುಗೆ ಹೇಳಿ ಅಂದರೆ ನಾನು ಬಸ್ಸಾರು ಅನ್ನುತ್ತೇನೆ. ಒಂದೇ ಸಲ ಬೇಯಿಸಿದ್ದರಲ್ಲಿ ಸಾರೂ ಆಗುತ್ತದೆ, ಪಲ್ಯವೂ ಆಗುತ್ತದೆ. ಶುಗರ್ ಇರುವವರಿಗೆ ಬೇಕಾದ ಅರ್ಧ ತಟ್ಟೆ ಪಲ್ಯ ಇದರಲ್ಲೇ ಸಿಕ್ಕಿಬಿಡುತ್ತದೆ. ನಾಲ್ಕು ಜನಕ್ಕೆ ಹೀಗೆ ಮಾಡಿ.

ಮುಕ್ಕಾಲು ಲೋಟ ಹೆಸರುಕಾಳು ಅಥವಾ ಅಲಸಂದೆ ಕಾಳನ್ನು ರಾತ್ರಿ ನೆನೆಹಾಕಿ. ಎರಡು ದೊಡ್ಡ ಕಟ್ಟು ಸೊಪ್ಪು ಬೇಕು. ದಂಟು, ಹರಿವೆ, ಸಬ್ಬಸಿಗೆ ಯಾವುದಾದರೂ ಸರಿ, ಬೆರೆಸಿದರೆ ರುಚಿ ಜಾಸ್ತಿ. ಮೂರು ನಾಲ್ಕು ನೀರಲ್ಲಿ ತೊಳೆದು ಹೆಚ್ಚಿಕೊಳ್ಳಿ. ದಂಟಿನ ಎಳೆ ಕಡ್ಡಿ ಎಸೆಯಬೇಡಿ, ನಾರು ಇರುವುದೇ ಅಲ್ಲಿ.

ದೊಡ್ಡ ಪಾತ್ರೆಯಲ್ಲಿ ಆರು ಲೋಟ ನೀರು ಕುದಿಸಿ ಕಾಳು ಹಾಕಿ. ಕುಕ್ಕರ್ ಬೇಡ, ಕಾಳು ಕರಗಿಹೋಗುತ್ತದೆ. ಬೆರಳಲ್ಲಿ ಹಿಸುಕಿದರೆ ಮೆತ್ತಗಾಗಬೇಕು, ಆದರೆ ಇಡಿಯಾಗಿ ಇರಬೇಕು. ಆಗ ಸೊಪ್ಪು, ಉಪ್ಪು ಹಾಕಿ, ಮುಚ್ಚದೆ ಐದಾರು ನಿಮಿಷ ಬೇಯಿಸಿ. ತೂತಿನ ಪಾತ್ರೆಗೆ ಸುರಿದು ಬಸಿಯಿರಿ. ಕೆಳಗೆ ಇಳಿದ ಕಟ್ಟು ಸಾರಿಗೆ, ಮೇಲೆ ಉಳಿದದ್ದು ಪಲ್ಯಕ್ಕೆ.

ಬಾಣಲೆಗೆ ಒಂದು ಚಮಚ ಎಣ್ಣೆ ಹಾಕಿ ಹೆಚ್ಚಿದ ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಒಂದು ಟೀ ಚಮಚ ಜೀರಿಗೆ, ಅರ್ಧ ಟೀ ಚಮಚ ಕಾಳುಮೆಣಸು ಬಾಡಿಸಿ. ಎರಡು ಚಮಚ ತೆಂಗಿನ ತುರಿ, ಎರಡು ಚಮಚ ಸಾರಿನ ಪುಡಿ, ಸ್ವಲ್ಪ ಹುಣಸೆಹಣ್ಣು ಸೇರಿಸಿ. ಮುಖ್ಯವಾದದ್ದು ಈಗ: ಬಸಿದ ಕಾಳು-ಸೊಪ್ಪನ್ನು ಒಂದು ಸೌಟು ತೆಗೆದು ಇದರ ಜೊತೆಗೇ ರುಬ್ಬಿ. ಸಾರು ಗಟ್ಟಿಯಾಗುವುದು ಇದರಿಂದ. ತೆಂಗಿನಕಾಯಿ ಜಾಸ್ತಿ ಸುರಿಯಬೇಕಿಲ್ಲ. ರುಬ್ಬಿದ್ದನ್ನು ಕಟ್ಟಿಗೆ ಬೆರೆಸಿ ಚೆನ್ನಾಗಿ ಕುದಿಸಿ ಒಗ್ಗರಣೆ ಕೊಡಿ. ಬೆಲ್ಲ ಬೇಡ.

ಪಲ್ಯಕ್ಕೆ ಒಂದು ಚಮಚ ಎಣ್ಣೆ, ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು, ಒಂದು ಈರುಳ್ಳಿ. ಕಾಳು-ಸೊಪ್ಪು ಹಾಕಿ ನೀರು ಆರುವ ತನಕ ಬಾಡಿಸಿ. ಇಳಿಸುವಾಗ ಸ್ವಲ್ಪ ಕಾಯಿತುರಿ.

ಈಗ ಬಡಿಸುವುದು. ಶುಗರ್ ಇರುವವರಿಗೆ ಎರಡು ದೊಡ್ಡ ಸೌಟು ಪಲ್ಯ, ಬಟ್ಟಲು ತುಂಬ ಸಾರು, ಒಂದು ಸಣ್ಣ ಮುದ್ದೆ. ಬೆಳೆಯುವ ಮಕ್ಕಳಿಗೆ ಅದೇ ಸಾರು, ಬಿಸಿ ಅನ್ನ, ಮೇಲೆ ಒಂದು ಚಮಚ ತುಪ್ಪ. ಹೊಲಕ್ಕೋ ಗಾರೆ ಕೆಲಸಕ್ಕೋ ಹೋಗಿ ಬಂದವರಿಗೆ ದೊಡ್ಡ ಮುದ್ದೆ. ಹಲ್ಲಿಲ್ಲದ ಅಜ್ಜಿಗೆ ಪಲ್ಯವನ್ನು ಸ್ವಲ್ಪ ಮಸೆದು ಕೊಡಿ. ಅಡುಗೆ ಒಂದೇ, ಯಾರೂ ಬೇರೆಯವರಂತೆ ಕೂರಲಿಲ್ಲ.

ಇದೇ ದಾರಿಯಲ್ಲಿ ಮಸ್ಸೊಪ್ಪು, ಹುರುಳಿ ಸಾರು, ಅವರೆಕಾಳು ಸಾರು, ಮಜ್ಜಿಗೆ ಹುಳಿ ಎಲ್ಲವನ್ನೂ ಮಾಡಬಹುದು. ಹುಳಿ ಮಾಡುವಾಗ ತರಕಾರಿಯನ್ನು ದುಪ್ಪಟ್ಟು ಹಾಕಿ. ಉತ್ತರ ಕರ್ನಾಟಕದ ಕಡೆಯವರಿಗೆ ಹೇಳಿಕೊಡುವುದೇನೂ ಬೇಡ. ಜೋಳದ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಮೆಂತ್ಯ ಸೊಪ್ಪು, ಹಸಿ ಸೌತೆಕಾಯಿ, ಮೂಲಂಗಿ, ಅಗಸಿ ಚಟ್ನಿ ಅವರ ತಟ್ಟೆಯಲ್ಲಿ ಮೊದಲಿಂದಲೂ ಇವೆ. ರೊಟ್ಟಿ ಮೂರು ಇದ್ದದ್ದು ಒಂದೂವರೆಗೆ ಇಳಿಯಲಿ, ಎಣ್ಣೆಗಾಯಿಯ ಎಣ್ಣೆ ಕಡಿಮೆಯಾಗಲಿ, ಸಾಕು. ಕರಾವಳಿಯವರು ಕುಚ್ಚಲಕ್ಕಿ ಅನ್ನವನ್ನು ಒಂದು ಬಟ್ಟಲಿಗೆ ನಿಲ್ಲಿಸಿ, ಬಂಗುಡೆ, ಭೂತಾಯಿ ಮೀನನ್ನು ಕರಿಯುವ ಬದಲು ಸಾರು ಮಾಡಲಿ, ಜೊತೆಗೆ ಬಸಳೆಯೋ ತೊಂಡೆಕಾಯಿಯೋ ಇರಲಿ.

ಬೆಳಗಿನ ತಿಂಡಿ

ನಿಜವಾಗಿ ತೊಡಕಾಗುವುದು ತಿಂಡಿಯಲ್ಲೇ. ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ, ದೋಸೆ ಎಲ್ಲವೂ ಬಹುಪಾಲು ಪಿಷ್ಟವೇ. ಬೆಳಿಗ್ಗೆ ಟೈಮೂ ಇರುವುದಿಲ್ಲ. ಅದಕ್ಕೆ ತರಕಾರಿಯನ್ನು ರಾತ್ರಿಯೇ ಹೆಚ್ಚಿ ಫ್ರಿಜ್‌ನಲ್ಲಿಡಿ, ಕಾಳನ್ನು ರಾತ್ರಿಯೇ ನೆನೆಹಾಕಿ.

ಉಪ್ಪಿಟ್ಟಿಗೆ ಒಂದು ಲೋಟ ರವೆಗೆ ಎರಡು ಲೋಟ ತರಕಾರಿ. ಬೀನ್ಸ್, ಕ್ಯಾರೆಟ್, ಎಲೆಕೋಸು, ಕಾಲದಲ್ಲಿ ಹಸಿ ಅವರೆಕಾಳು. ಮಕ್ಕಳು ಮೂಗು ಮುರಿದರೆ ಮೊದಲ ವಾರ ಒಂದೊಂದು ಲೋಟ ಸಮ ಮಾಡಿ, ಆಮೇಲೆ ಏರಿಸಿ.

ಅಕ್ಕಿರೊಟ್ಟಿಯ ಹಿಟ್ಟಿನಲ್ಲಿ ಅರ್ಧ ರಾಗಿ ಹಿಟ್ಟು ಬೆರೆಸಿ. ಸೋರೆಕಾಯಿ ತುರಿ, ಸಬ್ಬಸಿಗೆ ಸೊಪ್ಪು, ಈರುಳ್ಳಿಯನ್ನು ಧಾರಾಳವಾಗಿ ಹಾಕಿ, ತರಕಾರಿಯ ನೀರಲ್ಲೇ ಹಿಟ್ಟು ಕಲಸಿ. ತೆಳ್ಳಗೆ ತಟ್ಟಿದರೆ ಒಂದು ರೊಟ್ಟಿಗೆ ಹಿಟ್ಟು ಕಡಿಮೆ ಹಿಡಿಯುತ್ತದೆ.

ದೋಸೆಗೆ ನನ್ನ ಓಟು ಹೆಸರುಕಾಳಿಗೆ. ಒಂದು ಲೋಟ ಕಾಳು, ಗರಿಗರಿ ಆಗಲು ಎರಡು ಚಮಚ ಅಕ್ಕಿ, ರಾತ್ರಿ ನೆನೆಸಿ. ಬೆಳಿಗ್ಗೆ ಶುಂಠಿ, ಹಸಿಮೆಣಸಿನಕಾಯಿ, ಜೀರಿಗೆ ಜೊತೆ ರುಬ್ಬಿ ತಕ್ಷಣ ಹುಯ್ಯಿರಿ. ಹುಳಿ ಬರಿಸುವ ಕೆಲಸವೇ ಇಲ್ಲ. ಮಕ್ಕಳ ದೋಸೆಗೆ ತುಪ್ಪ, ಹಿರಿಯರ ದೋಸೆ ಮೇಲೆ ಹೆಚ್ಚಿದ ಈರುಳ್ಳಿ. ಜೊತೆಗೆ ಆಲೂ ಪಲ್ಯ ಬೇಡ, ಹೀರೆಕಾಯಿ ಸಿಪ್ಪೆ ಚಟ್ನಿ ಮಾಡಿ. ಇಡ್ಲಿ ದಿನ ಎರಡು ಇಡ್ಲಿ, ತರಕಾರಿ ತುಂಬಿದ ಸಾಂಬಾರ್ ದೊಡ್ಡ ಬಟ್ಟಲು. ಮೊಟ್ಟೆ ತಿನ್ನುವವರು ಜೊತೆಗೊಂದು ಬೇಯಿಸಿದ ಮೊಟ್ಟೆ ಇಟ್ಟುಕೊಂಡರೆ ಹನ್ನೊಂದು ಗಂಟೆಗೆ ಹಸಿವಾಗುವುದಿಲ್ಲ.

ಚಿತ್ರಾನ್ನ, ಪುಳಿಯೋಗರೆ ಬಿಡಬೇಕಾ? ಬೇಡ. ವಾರಕ್ಕೊಮ್ಮೆ ಆಗಲಿ, ಒಂದು ಬಟ್ಟಲು ಆಗಲಿ, ಪಕ್ಕದಲ್ಲಿ ಕಡಲೆಕಾಳು ಉಸ್ಲಿಯೋ ಮೊಸರಲ್ಲಿ ಕಲಸಿದ ಸೌತೆಕಾಯಿಯೋ ಇರಲಿ.

ಕಾಫಿ, ಸಂಜೆಯ ಕುರುಕಲು, ಹಣ್ಣು

ಎರಡು ಚಮಚ ಸಕ್ಕರೆಯ ಕಾಫಿ ದಿನಕ್ಕೆ ಮೂರು ಸಲ ಅಂದರೆ ಸುಮಾರು 30 ಗ್ರಾಂ ಸಕ್ಕರೆ. ಇಲ್ಲಿ ಇಡೀ ಮನೆ ಒಟ್ಟಿಗೆ ಬದಲಾಗಬೇಕು. ವಾರಕ್ಕೆ ಅರ್ಧ ಚಮಚದಂತೆ ಇಳಿಸಿ. ಒಂದು ತಿಂಗಳಾಗುವ ಹೊತ್ತಿಗೆ ಡಿಕಾಕ್ಷನ್ನಿನ ರುಚಿ ಗೊತ್ತಾಗಲು ಶುರುವಾಗುತ್ತದೆ. ಬೆಲ್ಲ, ಜೇನುತುಪ್ಪ ಹಾಕಿದರೆ ಪರವಾಗಿಲ್ಲ ಅನ್ನುವುದು ತಪ್ಪು ತಿಳಿವಳಿಕೆ. ಶುಗರ್ ಏರಿಸುವುದರಲ್ಲಿ ಅವೂ ಸಕ್ಕರೆಯ ಹಾಗೇ.

ಸಂಜೆಗೆ ಹುರಿಗಡಲೆ, ಒಂದು ಹಿಡಿ ಕಡಲೆಕಾಯಿ ಬೀಜ, ಕಾಳಿನ ಉಸ್ಲಿ. ಚುರುಮುರಿ ಬೇಕೆನಿಸಿದರೆ ಮಂಡಕ್ಕಿ ಕಮ್ಮಿ, ಕ್ಯಾರೆಟ್ ತುರಿ, ಈರುಳ್ಳಿ, ಟೊಮೆಟೊ ಜಾಸ್ತಿ. ಅಂಗಡಿಯ 'ಶುಗರ್ ಫ್ರೀ' ಬಿಸ್ಕೆಟ್ ನಂಬಬೇಡಿ. ಸಕ್ಕರೆ ಇಲ್ಲದಿದ್ದರೂ ಮೈದಾ, ಕೊಬ್ಬು ಇದ್ದೇ ಇರುತ್ತದೆ. ಪೊಟ್ಟಣದ ಹಿಂದೆ ಓದಿ ನೋಡಿ.

ಹಣ್ಣನ್ನು ಜ್ಯೂಸ್ ಮಾಡದೆ ಕಚ್ಚಿ ತಿನ್ನಿ. ಸೀಬೆ, ಪಪ್ಪಾಯಿ, ಕಿತ್ತಳೆ, ನೇರಳೆ ಒಳ್ಳೆಯವು. ಮಾವಿನ ಕಾಲದಲ್ಲಿ ಮಾವು ಬೇಡವೇ ಬೇಡ ಅನ್ನುವುದು ಕಠಿಣ. ಎರಡು ಮೂರು ಹೋಳು, ಊಟದ ಮೇಲೆ ಅಲ್ಲ, ನಡುವಿನ ಹೊತ್ತಿನಲ್ಲಿ. ಏಲಕ್ಕಿ ಬಾಳೆ ಒಂದು ಸಾಕು.

ಹಬ್ಬದ ದಿನ

ಯುಗಾದಿ ದಿನ ಒಬ್ಬಟ್ಟು ಮಾಡಿ, ಶುಗರ್ ಇರುವವರನ್ನು ಮಾತ್ರ ದೂರ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ಕದ್ದು ತಿನ್ನುವ ಹಾಗಾಗುತ್ತದೆ, ಆಗ ಅಳತೆಯೂ ಇರುವುದಿಲ್ಲ. ಎಲ್ಲರ ಜೊತೆ ಕೂತು ಅರ್ಧ ಒಬ್ಬಟ್ಟು ತಿನ್ನಲಿ. ಆ ದಿನ ಎಲೆಯ ಮೇಲೆ ಚಿತ್ರಾನ್ನ ಬೇಡ, ಪಾಯಸ ಬೇಡ, ಅನ್ನ ಒಂದೇ ಸೌಟು. ಹೆಸರುಬೇಳೆ ಕೋಸಂಬರಿಯನ್ನು ಎರಡರಷ್ಟು ಮಾಡಿ, ಮೊದಲು ಅದನ್ನೇ ಬಡಿಸಿ. ಒಬ್ಬಟ್ಟಿನ ಸಾರನ್ನು ಹೂರಣ ಕದಡದೆ, ಬರೀ ಬೇಳೆ ಕಟ್ಟಿನಲ್ಲಿ ಮಾಡಿ. ಖಾರ, ಹುಳಿ ಸರಿಯಾಗಿ ಬಿದ್ದರೆ ಬೆಲ್ಲದ ಕೊರತೆ ಕಾಣುವುದಿಲ್ಲ. ಮಿಕ್ಕ ಒಬ್ಬಟ್ಟನ್ನು ಅದೇ ಸಂಜೆ ಅಕ್ಕಪಕ್ಕದವರಿಗೆ ಹಂಚಿಬಿಡಿ. ಡಬ್ಬದಲ್ಲಿದ್ದರೆ ಮೂರು ದಿನ ಕೈ ಅಲ್ಲಿಗೇ ಹೋಗುತ್ತದೆ.

ಮೀಟರ್ ಮತ್ತು ಕ್ಯಾಲೆಂಡರ್

ಯಾವ ಅಡುಗೆ ಹೊಂದುತ್ತದೆ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಪಕ್ಕದ ಮನೆಯವರಿಗೆ ಚಪಾತಿ ಹೊಂದಿತು ಅಂತ ನಿಮಗೂ ಹೊಂದಬೇಕೆಂದಿಲ್ಲ. ಊಟಕ್ಕೆ ಮೊದಲು ಒಮ್ಮೆ, ಊಟ ಶುರು ಮಾಡಿ ಎರಡು ಗಂಟೆಗೆ ಒಮ್ಮೆ ಶುಗರ್ ನೋಡಿ. ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ಎರಡು ಗಂಟೆ ನಂತರ 180ರೊಳಗೆ ಇರಲಿ ಅನ್ನುತ್ತಾರೆ. ತುಂಬ ವಯಸ್ಸಾದವರಿಗೆ, ಬೇರೆ ಕಾಯಿಲೆ ಇರುವವರಿಗೆ, ಬಸುರಿಯರಿಗೆ ಗುರಿ ಬೇರೆ ಇರುತ್ತದೆ.

ಎರಡೂ ಅಂಕಿಯನ್ನು ಅಡುಗೆಮನೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆಯಿರಿ. ಪಕ್ಕದಲ್ಲಿ ಏನು ಉಂಡಿರಿ, ಎಷ್ಟು ಉಂಡಿರಿ ಅಂತ ಎರಡು ಪದ. 'ಬಸ್ಸಾರು, ಸಣ್ಣ ಮುದ್ದೆ 1.' 'ಪುಳಿಯೋಗರೆ, 2 ಬಟ್ಟಲು.' ಎಲ್ಲ ಊಟಕ್ಕೂ ನೋಡಬೇಕಿಲ್ಲ, ಸ್ಟ್ರಿಪ್ ದುಬಾರಿ. ಒಂದು ವಾರ ತಿಂಡಿಗೆ, ಇನ್ನೊಂದು ವಾರ ರಾತ್ರಿ ಊಟಕ್ಕೆ ನೋಡಿದರೆ ಸಾಕು. ತಿಂಗಳಲ್ಲಿ ಯಾವ ಅಡುಗೆಗೆ ಏರುತ್ತದೆ, ಯಾವುದಕ್ಕೆ ಇಲ್ಲ ಅಂತ ಸ್ಪಷ್ಟವಾಗಿ ಕಾಣುತ್ತದೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆಯ ಫೋಟೊ ತೆಗೆದುಕೊಂಡು ಹೋಗಿ ತೋರಿಸಿ. ಮಾತ್ರೆ ಬದಲಿಸಬೇಕೋ, ತಟ್ಟೆ ಬದಲಿಸಬೇಕೋ ಅಂತ ಅವರು ಅದನ್ನು ನೋಡಿ ಹೇಳುತ್ತಾರೆ.